ಡಾಲರಿನ ದರವನ್ನೂ ಚೀಟಿಯಲ್ಲಿ ಬರೆಯಲಿ

ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಯ ಹರಾಜು ಮಾರುಕಟ್ಟೆಯಲ್ಲಿ ಸಾಲುಸಾಲಾಗಿ ಇಟ್ಟ ಬೇಲುಗಳ ನಡುವೆ ನಿಂತ ರೈತನು, ತಾನು ಮುಂಗಾರಿನುದ್ದಕ್ಕೂ ಬೆವರು ಸುರಿಸಿ ಬೆಳೆದು, ಬ್ಯಾರನ್ನಿನ ಮುಂದೆ ನಿದ್ದೆಗೆಟ್ಟು ಬೆಂಕಿ ಕಾದು ಹದಮಾಡಿದ ಹೊಗೆಸೊಪ್ಪಿಗೆ ಕಿಲೋ ಒಂದಕ್ಕೆ ಎಷ್ಟು ರೂಪಾಯಿ ದೊರೆಯಿತೆಂಬುದನ್ನು ಆ ಗಳಿಗೆಯಲ್ಲಿಯೇ, ಕಣ್ಣೆದುರಿಗೇ ಅರಿಯುತ್ತಾನೆ. ತೂಕ, ದರ್ಜೆ, ದರ ಇವೆಲ್ಲವೂ ಬೇಲಿನ ಲೆಕ್ಕದಲ್ಲಿ ದಾಖಲಾಗುತ್ತವೆ. ದರವು ಮನಸ್ಸಿಗೊಪ್ಪದಿದ್ದಲ್ಲಿ ಮಾರಲೊಲ್ಲೆನೆಂದು ಬೇಲನ್ನು ಹಿಂದಕ್ಕೊಯ್ಯುವ ಸ್ವಾತಂತ್ರ್ಯವೂ ಅವನಿಗುಂಟು. ಈ ವ್ಯವಸ್ಥೆ ತಾನಾಗಿ ಒದಗಿ ಬಂದದ್ದಲ್ಲ. ವರ್ತಕನು ಹೇಳಿದ್ದೇ ಬೆಲೆ, ಬರೆದದ್ದೇ ತೂಕ ಎಂಬಂತಿದ್ದ ಕಾಲವನ್ನು ಕಂಡವರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. 1975ರ ಕಾಯಿದೆಯ ಬಲದಿಂದ 1976ರಲ್ಲಿ ತಂಬಾಕು ಮಂಡಳಿ ಸ್ಥಾಪಿತವಾಗಿ, 1984ರಲ್ಲಿ ಕರ್ನಾಟಕದಲ್ಲಿ ಬಹಿರಂಗ ಹರಾಜು ಆರಂಭವಾದ ಮೇಲೆಯೇ ಆ ಕತ್ತಲು ಸರಿಯಿತು. ಹೊಗೆಸೊಪ್ಪು ಬೆಳೆಯುವುದು ಲೋಕಕ್ಕೆ ಹಿತವೋ ಅಹಿತವೋ ಎಂಬ ಪ್ರಶ್ನೆ ಗಹನವಾದದ್ದು, ಅದನ್ನು ಇಲ್ಲಿ ಎತ್ತಲಾರೆ. ದರ ಕುಸಿದ ವರ್ಷಗಳಲ್ಲಿ ರೈತರು ಹರಾಜು ನಿಲ್ಲಿಸಿ ಧರಣಿ ಕುಳಿತದ್ದನ್ನೂ ಬಲ್ಲೆ. ಆದರೆ ಧರಣಿ ಕೂರುವುದಕ್ಕಾದರೂ ದರ ಎಷ್ಟೆಂಬುದು ತಿಳಿದಿರಬೇಕಷ್ಟೆ.

ನಮ್ಮ ಸೊಪ್ಪಿನ ಬಹುಭಾಗ ಹಡಗನ್ನೇರಿ ಹೊರದೇಶಕ್ಕೆ ಹೋಗಿ ಡಾಲರಾಗಿ ಹಿಂದಿರುಗುತ್ತದೆ. ಅದೇ ಹಣದಲ್ಲಿ ಮಗನನ್ನೋ ಮಗಳನ್ನೋ ಕೆನಡಾಕ್ಕೆ ಓದಲು ಕಳುಹಿಸುವ ಕುಟುಂಬಗಳು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಲ್ಲಿ ಈಗ ಅಪರೂಪವಲ್ಲ. ಹರಾಜಿನ ಕಟ್ಟೆಯ ಮೇಲೆ ಐದು ರೂಪಾಯಿಗೂ ವಾದಿಸುವ ಆ ತಂದೆಯು, ರೂಪಾಯಿಯನ್ನು ಡಾಲರಾಗಿ ಪರಿವರ್ತಿಸುವ ಬ್ಯಾಂಕಿನ ಕೌಂಟರಿನ ಮುಂದೆ ಮಾತ್ರ ಮೂಕನಾಗಿ ನಿಲ್ಲುವುದನ್ನು ಕಂಡು ನನಗೆ ವ್ಯಥೆಯಾಗಿದೆ.

ನನ್ನ ನೆರೆಯವರೊಬ್ಬರು ಕೆ.ಆರ್. ನಗರದ ಬ್ಯಾಂಕೊಂದರಿಂದ ಮಗನ ಕಾಲೇಜಿಗೆ ಶುಲ್ಕ ಕಳುಹಿಸಿದರು. ಮೊದಲು ಕೇಳಿದ್ದು ಅಮೆರಿಕದ ಡಾಲರಿನ ದರ. ಕಳುಹಿಸಬೇಕಾಗಿದ್ದದ್ದು ಕೆನಡಾದ ಡಾಲರು. ಎರಡಕ್ಕೂ ಹೆಸರೊಂದೇ, ಮೌಲ್ಯ ಬೇರೆ. ಕೆನಡಾದ ಡಾಲರು ಅಮೆರಿಕದ ಡಾಲರಿನ ಮುಕ್ಕಾಲು ಪಾಲಿನ ಆಸುಪಾಸಿನದು. ಆ ಗೊಂದಲ ಹರಿದು, ಅರ್ಜಿಗೆ ಸಹಿಯಾಗಿ, ಹಣ ಹೋದ ಮೇಲೆ ಹುಡುಗನಿಗೆ ಕಾಲೇಜಿನಿಂದ ಪತ್ರ ಬಂದಿತು: ಇಪ್ಪತ್ತೈದು ಡಾಲರು ಕಡಿಮೆ ಬಿದ್ದಿದೆ. ದಾರಿಯಲ್ಲಿದ್ದ ಮಧ್ಯವರ್ತಿ ಬ್ಯಾಂಕು ತನ್ನ ಪಾಲನ್ನು ಮುರಿದುಕೊಂಡಿತ್ತು. ಅಂಥದೊಂದು ಬ್ಯಾಂಕು ನಡುವೆ ಇರುವುದೆಂಬುದನ್ನೂ, ಅದರ ಶುಲ್ಕವನ್ನು ಕಳುಹಿಸುವವರೇ ಮೊದಲಾಗಿ ಕಟ್ಟಿಬಿಡಬಹುದೆಂಬುದನ್ನೂ ಕೌಂಟರಿನಲ್ಲಿ ಯಾರೊಬ್ಬರೂ ಹೇಳಿರಲಿಲ್ಲ. ಇದೇ ಗೊಂದಲ ಫಾರೆಕ್ಸ್ ಕಾರ್ಡಿನಲ್ಲೂ ಉಂಟು: ಕೆನಡಾಕ್ಕೆ ಹೊರಟವನ ಕಾರ್ಡಿಗೆ ಅಮೆರಿಕದ ಡಾಲರು ತುಂಬಿಸಿದರೆ, ಅಲ್ಲಿ ಖರ್ಚು ಮಾಡುವಾಗಲೆಲ್ಲ ಮತ್ತೊಮ್ಮೆ ಪರಿವರ್ತನೆ, ಮತ್ತೊಮ್ಮೆ ಶುಲ್ಕ.

ಕಳೆದ ಬಾರಿ ಮಗಳ ಮನೆಗೆಂದು ಕೆನಡಾದ ವಿಂಡ್ಸರಿಗೆ ಹೋದಾಗ ಈ ವಿಷಯ ನನ್ನ ಅನುಭವಕ್ಕೇ ಬಂದಿತು. ಬೈಲಕುಪ್ಪೆಗೂ ಕುಶಾಲನಗರಕ್ಕೂ ನಡುವೆ ಕಾವೇರಿ ಹರಿಯುವಂತೆ ಅಲ್ಲಿ ಡೆಟ್ರಾಯಿಟ್ ನದಿ ಹರಿಯುತ್ತದೆ. ಈಚೆ ದಡ ಕೆನಡಾ, ಆಚೆ ದಡ ಅಮೆರಿಕ, ನಡುವೆ 1929ರಲ್ಲಿ ತೆರೆದ ಅಂಬಾಸಡರ್ ಸೇತುವೆ. ಕಾವೇರಿಯನ್ನು ದಾಟಿದರೆ ಜಿಲ್ಲೆ ಬದಲಾಗುತ್ತದೆ, ಅಲ್ಲಿ ನದಿಯನ್ನು ದಾಟಿದರೆ ನಾಣ್ಯವೇ ಬದಲಾಗುತ್ತದೆ. ಡೆಟ್ರಾಯಿಟಿನ ಆಸ್ಪತ್ರೆಗಳಲ್ಲಿ ದುಡಿದು ಸಂಜೆ ವಿಂಡ್ಸರಿಗೆ ಮರಳುವ ದಾದಿಯರು ಅನೇಕರಿದ್ದಾರೆ. ನನ್ನ ಅಳಿಯನಿಗೂ ಸಂಬಳ ಬರುವುದು ಆಚೆ ದಡದಿಂದ. ಅವರ ಮನೆಯಲ್ಲಿ ಎರಡು ಕ್ರೆಡಿಟ್ ಕಾರ್ಡುಗಳಿವೆ. ಕೆನಡಾದ ಡಾಲರಿನಲ್ಲಿ ಬಿಲ್ಲು ಬರುವ ಸಾಮಾನ್ಯ ಕಾರ್ಡನ್ನು ಅಮೆರಿಕದ ಅಂಗಡಿಯಲ್ಲಿ ಉಜ್ಜಿದರೆ ಸಾಧಾರಣವಾಗಿ ಶೇ. 2.5ರಷ್ಟು ಶುಲ್ಕ ಬೀಳುತ್ತದೆ. ಆದುದರಿಂದ ಆಚೆ ದಡದ ಖರ್ಚಿಗೆ ಅಮೆರಿಕದ ಡಾಲರಿನಲ್ಲಿಯೇ ಬಿಲ್ಲಾಗುವ ಇನ್ನೊಂದು ಕಾರ್ಡು, ಅದನ್ನು ತೀರಿಸಲು ಕೆನಡಾದ ಬ್ಯಾಂಕಿನಲ್ಲಿಯೇ ಅಮೆರಿಕದ ಡಾಲರಿನ ಖಾತೆ. ಬಂದ ಡಾಲರು ಡಾಲರಾಗಿಯೇ ಹೋಗುವುದರಿಂದ ನಡುವೆ ಯಾರೂ ಕೈಹಾಕುವಂತಿಲ್ಲ.

ನಾನಾದರೋ ಡೆಟ್ರಾಯಿಟಿನ ಅಂಗಡಿಯೊಂದರಲ್ಲಿ ಎಂಬತ್ತು ಡಾಲರಿನ ಉಣ್ಣೆಯ ಕೋಟೊಂದನ್ನು ಕೊಂಡು, ಊರಿನ ಬ್ಯಾಂಕಿನ ಕಾರ್ಡನ್ನು ಯಂತ್ರಕ್ಕೆ ತೂರಿಸಿದೆ. ಪುಟ್ಟ ಪರದೆಯ ಮೇಲೆ ಎರಡು ಮೊತ್ತಗಳು ಮೂಡಿದವು, ಒಂದು ಡಾಲರಿನಲ್ಲಿ, ಇನ್ನೊಂದು ರೂಪಾಯಿಯಲ್ಲಿ. ಪರದೇಶದಲ್ಲಿ ನಮ್ಮ ರೂಪಾಯಿಯ ಚಿಹ್ನೆಯನ್ನು ಕಂಡ ಸಂತೋಷದಲ್ಲಿ ಅದನ್ನೇ ಒತ್ತಿದೆ. “ಅಪ್ಪಾಜಿ, ರೂಪಾಯಿ ಯಾಕೆ ಒತ್ತಿದ್ರಿ? ಅವರ ದರ ಅದರಲ್ಲೇ ಸೇರಿಹೋಗಿರುತ್ತೆ,” ಎಂದಳು ಮಗಳು. ಊರಿಗೆ ಬಂದು ಆ ದಿನದ ದರದೊಡನೆ ತಾಳೆ ನೋಡಿದಾಗ ಸುಮಾರು ನಾನೂರು ರೂಪಾಯಿ ಹೆಚ್ಚು ತೆತ್ತಿದ್ದೆ. ಡಾಲರನ್ನು ಒತ್ತಿದ್ದರೂ ಖರ್ಚು ತಪ್ಪುತ್ತಿರಲಿಲ್ಲವೆನ್ನಿ. ನಮ್ಮ ಅನೇಕ ಕಾರ್ಡುಗಳು ವಿದೇಶಿ ಖರ್ಚಿನ ಮೇಲೆ ಶೇ. 3.5ರಷ್ಟು ಹಾಕಿ, ಆ ಶುಲ್ಕದ ಮೇಲೆ ಶೇ. 18ರ ಜಿಎಸ್‌ಟಿ ಸೇರಿಸುತ್ತವೆ. ಒಂದು ಲಕ್ಷ ರೂಪಾಯಿಯ ಖರ್ಚಿಗೆ ಶುಲ್ಕ 3,500, ತೆರಿಗೆ 630, ಒಟ್ಟು 4,130 ರೂಪಾಯಿ. ಆದರೂ ಇದು ಒಂದೆಡೆ ಬರೆದಿರುವ ಲೆಕ್ಕ, ಹುಡುಕಿದರೆ ಸಿಕ್ಕುತ್ತದೆ. ದರದೊಳಗೇ ಅಡಗಿರುವ ಲಾಭವು ಶುಲ್ಕವೆಂಬ ಹೆಸರನ್ನೇ ಧರಿಸುವುದಿಲ್ಲ. ನನಗೆ ಅಸಹನೀಯವಾದದ್ದು ಅದು.

ಹೊರಗಿನಿಂದ ಬರುವ ಹಣದ ಕಥೆಯೂ ಇದೇ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರಲ್ಲಿ ನೆಲೆಯೂರತೊಡಗಿದ ಟಿಬೆಟ್ ನಿರಾಶ್ರಿತರ ಮಕ್ಕಳು ಮೊಮ್ಮಕ್ಕಳು ಇಂದು ಟೊರಾಂಟೊದಲ್ಲಿಯೂ ನ್ಯೂಯಾರ್ಕಿನಲ್ಲಿಯೂ ದುಡಿಯುತ್ತ, ಊರಿನ ಹಿರಿಯರಿಗೆ ಹಣ ಕಳುಹಿಸುತ್ತಾರೆ. ಹಣ ವರ್ಗಾವಣೆಯ ಅಂಗಡಿಗಳ ಮೂಲಕ ಬರುವ ಇಂಥ ಮೊತ್ತಕ್ಕೆ ರಿಸರ್ವ್ ಬ್ಯಾಂಕು ಒಂದು ಬಾರಿಗೆ 2,500 ಅಮೆರಿಕದ ಡಾಲರು, ವರ್ಷಕ್ಕೆ ಮೂವತ್ತು ಬಾರಿ ಎಂಬ ಮಿತಿಯನ್ನು ಇಟ್ಟಿದೆ. ಮಿತಿಯನ್ನು ಅಷ್ಟು ಖಚಿತವಾಗಿ ನುಡಿಯಬಲ್ಲ ವ್ಯವಸ್ಥೆಯು, ಮೊಮ್ಮಗ ಕಳುಹಿಸಿದ ನೂರು ಡಾಲರಿನಲ್ಲಿ ದಾರಿಯ ಪಾಲೆಷ್ಟು ಎಂಬುದನ್ನು ಅಜ್ಜಿಗೆ ಅಷ್ಟೇ ಖಚಿತವಾಗಿ ಏಕೆ ತಿಳಿಸಬಾರದು? ವಲಸಿಗರ ಹಣ ರವಾನೆಯ ವೆಚ್ಚವನ್ನು 2030ರೊಳಗೆ ಶೇ. 3ಕ್ಕಿಂತ ಕೆಳಗಿಳಿಸಬೇಕೆಂದು ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಸಂಕಲ್ಪಿಸಲಾಗಿದೆ. ವೆಚ್ಚ ಎಷ್ಟೆಂಬುದೇ ಕಾಣದಿದ್ದಲ್ಲಿ ಅದನ್ನು ಇಳಿಸುವುದಾದರೂ ಹೇಗೆ?

ದರವು ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಮೊದಲೇ ಬರೆದುಕೊಡಲಾಗದು ಎಂಬುದು ಬ್ಯಾಂಕಿನವರ ಸಮಾಧಾನ. ಹೊಗೆಸೊಪ್ಪಿನ ದರವೂ ಬೇಲಿನಿಂದ ಬೇಲಿಗೆ ಬದಲಾಗುತ್ತದೆ, ಆದರೂ ಸವಾಲು ಮುಗಿದ ಕ್ಷಣದಲ್ಲಿ ಅದು ದಾಖಲಾಗುತ್ತದೆ. ಡಾಲರಿನ ಉಲ್ಲೇಖ ದರವನ್ನು ಫೈನಾನ್ಷಿಯಲ್ ಬೆಂಚ್‌ಮಾರ್ಕ್ಸ್ ಇಂಡಿಯಾ ಸಂಸ್ಥೆಯು 2018ರಿಂದ ಕೆಲಸದ ದಿನಗಳಂದು ಪ್ರಕಟಿಸುತ್ತಲೇ ಇದೆ. ಅದರ ಮೇಲೆ ಬ್ಯಾಂಕು ಎಷ್ಟು ಏರಿಸಿತೆಂಬುದನ್ನು ಸಹಿಗೆ ಮೊದಲು ಒಂದೇ ಅಂಕಿಯಾಗಿ ತೋರಿಸುವುದು ಕಷ್ಟದ ಕೆಲಸವಲ್ಲ. ಯೂರೋಪಿನ ಒಕ್ಕೂಟವು 2020ರ ಏಪ್ರಿಲಿನಿಂದ ಅಂಗಡಿಯ ಯಂತ್ರಗಳಲ್ಲಿಯೂ ಎಟಿಎಮ್ಮುಗಳಲ್ಲಿಯೂ ಆಗುವ ಪರಿವರ್ತನೆಗೆ ಇದನ್ನೇ ಕಡ್ಡಾಯಗೊಳಿಸಿದೆ: ತನ್ನ ಕೇಂದ್ರೀಯ ಬ್ಯಾಂಕಿನ ಉಲ್ಲೇಖ ದರಕ್ಕಿಂತ ಶೇಕಡಾ ಎಷ್ಟು ಹೆಚ್ಚೆಂಬುದನ್ನು ಹಣ ತೆರುವ ಮುಂಚೆಯೇ ಹೇಳಬೇಕು. ರಿಸರ್ವ್ ಬ್ಯಾಂಕು ಇಲ್ಲಿಯೂ ಅದನ್ನು ವಿಧಿಸಲಿ, ಕಾರ್ಡಿಗಷ್ಟೇ ಅಲ್ಲದೆ ಕೌಂಟರಿನ ರವಾನೆಗೂ ಅನ್ವಯಿಸಲಿ, ಮತ್ತು ಆ ಚೀಟಿ ಕನ್ನಡದಲ್ಲಿರಲಿ. ಎಷ್ಟು ರೂಪಾಯಿ ಹೊರಟಿತು, ಯಾವ ದೇಶದ ಡಾಲರು, ಯಾವ ದರ, ನಡುವೆ ಯಾರ ಪಾಲು ಎಷ್ಟು, ಕೊನೆಗೆ ಮುಟ್ಟುವುದೆಷ್ಟು ಎಂಬಿಷ್ಟೇ ವಿವರ ಸಾಕು. ಅಂಗೈಯಗಲದ ಕಾಗದದಲ್ಲಿ ಹಿಡಿಯುತ್ತದೆ.

ನನ್ನ ನೆರೆಯವರು ಬರುವ ತಿಂಗಳು ಮಗನ ಮುಂದಿನ ಸೆಮಿಸ್ಟರಿನ ಶುಲ್ಕವನ್ನು ಕಳುಹಿಸುವವರಿದ್ದಾರೆ. ಈ ಬಾರಿ ನಾನೂ ಅವರೊಡನೆ ಕೆ.ಆರ್. ನಗರಕ್ಕೆ ಹೋಗುತ್ತೇನೆ. ಮೂರು ಬ್ಯಾಂಕುಗಳಲ್ಲಿ ಮುಟ್ಟುವ ಮೊತ್ತವನ್ನು ಬರೆದುಕೊಡಿರೆಂದು ಕೇಳುವುದು, ಬರೆದುಕೊಡದಿದ್ದಲ್ಲಿ ಬೇಲನ್ನು ಹಿಂದಕ್ಕೆ ತಂದಂತೆ ಅರ್ಜಿಯನ್ನು ಹಿಂದಕ್ಕೆ ತರುವುದೆಂದು ಇಬ್ಬರೂ ಮಾತನಾಡಿಕೊಂಡಿದ್ದೇವೆ.