ಸ್ಟೇಷನ್ ರಸ್ತೆ ಚರ್ಚ್: ಜಾತಿ ಕಾಲಂನಲ್ಲಿ ಏನಂತ ಬರೆಸಬೇಕು?

ವಿಜಯಪುರ: ಸ್ಟೇಷನ್ ರಸ್ತೆ ಕಡೆಯ ಸಂತ ಅನ್ನಮ್ಮನವರ ಚರ್ಚ್ ಅಂದ್ರೆ ನಮ್ಮ ಮಂದಿಗೆ ನೆನಪಾಗೋದು ಡಿಸೆಂಬರ್ 25ರ ಗೋದಲಿ. ಉಳಿದ ದಿನ ಅಲ್ಲಿ ಯಾರು ಬರ್ತಾರ, ಅವರ ಕಷ್ಟ ಏನು ಅಂತ ಕೇಳಿದವರು ಕಡಿಮೆ. 2025ರ ಸೆಪ್ಟೆಂಬರ್ 22ರಂದು ಶುರುವಾದ ಜಾತಿ ಸಮೀಕ್ಷೆ ಆ ಪ್ರಶ್ನೆ ಎತ್ತಿತು.

ಕ್ಯಾಥೊಲಿಕರಿಗೂ ಈ ಸೀಮೆಗೂ ನಂಟು ಹೊಸದಲ್ಲ. 1510ರಲ್ಲಿ ಪೋರ್ಚುಗೀಸರು ಗೋವಾ ಕಸಿದುಕೊಂಡದ್ದು ಆದಿಲ್‌ಶಾಹಿಗಳಿಂದ. ಅದೇ ಆದಿಲ್‌ಶಾಹಿಗಳ ಕೈಯಲ್ಲಿದ್ದ ಮುದಗಲ್‌ನಲ್ಲಿ 16ನೇ ಶತಮಾನದಲ್ಲೇ ಕ್ರೈಸ್ತ ಸಮುದಾಯ ಬೆಳೀತು, ಸುಲ್ತಾನರ ಇನಾಮೂ ಸಿಕ್ಕಿತು. ಮುಂದೆ ನಮ್ಮ ಜಿಲ್ಲೆ ಪುಣೆ ಧರ್ಮಪ್ರಾಂತ್ಯಕ್ಕೆ, 1953ರಲ್ಲಿ ಬೆಳಗಾವಿಗೆ, 2005ರಲ್ಲಿ ಹೊಸ ಗುಲ್ಬರ್ಗ ಧರ್ಮಪ್ರಾಂತ್ಯಕ್ಕೆ ಸೇರಿತು. ಹೈಕೋರ್ಟ್ ಕೆಲಸಕ್ಕೂ ಕಲಬುರಗಿಗೇ ಹೋಗೋ ನಮಗೆ ಇದೇನು ವಿಶೇಷ ಅಲ್ಲ ಬಿಡ್ರಿ.

ವಿಷಯ ಇರೋದು ಪ್ರಮಾಣಪತ್ರದಾಗ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಅಂದ್ರೆ ಹಿಂದೂಗಳು ಮಾತ್ರ. 1956ರಲ್ಲಿ ಸಿಖ್ಖರನ್ನ, 1990ರಲ್ಲಿ ಬೌದ್ಧರನ್ನ ಸೇರಿಸಿದರು. ಕ್ರೈಸ್ತರು ಹೊರಗೇ ಉಳಿದರು. ನಮ್ಮ ತಾಂಡಾಗಳ ಲಂಬಾಣಿಗರು ರಾಜ್ಯದಲ್ಲಿ ಪರಿಶಿಷ್ಟ ಜಾತಿ. ಅವರಲ್ಲೊಬ್ಬರು ಜ್ಞಾನಸ್ನಾನ ಪಡೆದು ದಾಖಲೆಯಲ್ಲಿ 'ಕ್ರೈಸ್ತ' ಅಂತ ಬರೆಸಿದರೆ ಮಕ್ಕಳ ಎಸ್‌ಸಿ ಮೀಸಲಾತಿ ಹೋಗ್ತದ. ಪರಿಶಿಷ್ಟರಿಂದ ಮತಾಂತರ ಆದವರಿಗೆ ಪ್ರವರ್ಗ-1, ಉಳಿದ ಕ್ರೈಸ್ತರಿಗೆ 3ಬಿ ಇದೆ, ಖರೆ. ಆದರೆ ಅದು ಎಸ್‌ಸಿ ಸೌಲಭ್ಯಕ್ಕೆ ಸಮ ಅಲ್ಲ.

ಸಮೀಕ್ಷೆ ಪಟ್ಟಿಯಲ್ಲಿ ಜಾತಿ ಹೆಸರಿನ ಜೊತೆ 'ಕ್ರಿಶ್ಚಿಯನ್' ಸೇರಿಸಿದ್ದಕ್ಕೆ ಗದ್ದಲ ಎದ್ದು, ಅಂಥ 33 ಹೆಸರು ಮರೆಮಾಡಿದರು. ಮತಾಂತರಕ್ಕೆ ಕುಮ್ಮಕ್ಕು ಅನ್ನೋದು ವಿರೋಧಿಗಳ ವಾದ. ನನಗನಿಸೋದು ಬೇರೆ: ಹೆಸರು ತೆಗೆದರೆ ಜಾತಿ ಹೋಗೋದಿಲ್ಲ, ಲೆಕ್ಕ ಮಾತ್ರ ತಪ್ಪತದ. ಧರ್ಮ ಬದಲಿಸಿದ ಮೇಲೂ ಊರಾಗ ಕರೆಯೋದು ಹಳೇ ಜಾತಿಯಿಂದಲೇ. ಚರ್ಚ್‌ಗಳ ಒಳಗೂ ಜಾತಿ ಪೂರ್ತಿ ಅಳಿದಿಲ್ಲ, ಇದನ್ನ ಧರ್ಮಗುರುಗಳೂ ಒಪ್ಪಿ ಮಾತಾಡಬೇಕು.

ಜಿಲ್ಲೆಯಲ್ಲಿ ಕ್ರೈಸ್ತರು ಶೇ 1ಕ್ಕಿಂತ ಕಡಿಮೆ. ಹೆದರಿ ಧರ್ಮ ಮುಚ್ಚಿಟ್ಟರೆ ಆ ಅಂಕಿ ಇನ್ನೂ ಇಳೀತದ. ಆಮೇಲೆ ಸ್ಮಶಾನದ ಜಾಗ, ಅಲ್ಪಸಂಖ್ಯಾತರ ವಿದ್ಯಾರ್ಥಿವೇತನ ಕೇಳಲು ಹೋದರೆ ಅಧಿಕಾರಿಗಳು ತೋರಿಸೋದು ಅದೇ ಅಂಕಿ. ಎಸ್‌ಸಿ ಸ್ಥಾನದ ಪ್ರಶ್ನೆ ಪರಿಶೀಲಿಸಲು ಕೇಂದ್ರ 2022ರ ಅಕ್ಟೋಬರ್‌ನಲ್ಲಿ ನಿವೃತ್ತ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ನೇಮಿಸಿ 2 ವರ್ಷದ ಗಡುವು ಕೊಟ್ಟಿತ್ತು. ಆ ಗಡುವು ದಾಟಿದರೂ ತಾಂಡಾದ ತಾಯಿ ಶಾಲೆ ಅರ್ಜಿ ಹಿಡಿದು ಎರಡು ಕಾಲಂ ನಡುವೆ ನಿಂತೇ ಇದ್ದಾಳ.