ಸೈಲೆನ್ಸರಿನ ಡಬ್ಬಿಗೂ ಮುಪ್ಪುಂಟು

ಹತ್ತು ವರ್ಷ ದಾಟಿದ ಪೆಟ್ರೋಲ್ ಕಾರಿನ, ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಪರೀಕ್ಷಿಸಿಕೊಳ್ಳಿ ಎಂದದ್ದಕ್ಕೆ ಶಿವಮೊಗ್ಗ, ಭದ್ರಾವತಿಯ ಗೆಳೆಯರು ನನ್ನನ್ನು ಚೆನ್ನಾಗಿಯೇ ಬೈದಿದ್ದಾರೆ. ಬೈಗುಳ ಬಿಟ್ಟು ವಾದಕ್ಕೆ ಬರುತ್ತೇನೆ.

ಮೊದಲನೆಯದು ಪಿಯುಸಿ ಪಾಠದ ಆಕ್ಷೇಪ: ವೇಗವರ್ಧಕ ಕ್ರಿಯೆಯಲ್ಲಿ ಖರ್ಚಾಗುವುದಿಲ್ಲ, ಮತ್ತೆ ಕನ್ವರ್ಟರಿನ ಪ್ಲಾಟಿನಂ ಹೇಗೆ ಮುದಿಯಾದೀತು? ಖರ್ಚಾಗುವುದಿಲ್ಲ, ನಿಜ. ಆದರೆ ಇಲ್ಲಿ ದುಡಿಯುವುದು ಲೋಹದ ತೂಕವಲ್ಲ, ಅದರ ಮೈ. ಕನ್ವರ್ಟರಿನೊಳಗೆ ಜೇನುಗೂಡಿನಂಥ ಪಿಂಗಾಣಿ, ಅದರ ಗೋಡೆಗೆ ಅಲ್ಯುಮಿನಾ ಲೇಪ, ಲೇಪದ ತುಂಬ ಪ್ಲಾಟಿನಂ, ಪಲೇಡಿಯಂ, ರೋಡಿಯಂನ ಕಣ್ಣಿಗೆ ಕಾಣದ ಕಣಗಳು. ವರ್ಷಗಟ್ಟಲೆ ಕಾದು ಕಾದು ಇವು ಒಂದಕ್ಕೊಂದು ಅಂಟಿ ದಪ್ಪವಾಗುತ್ತವೆ. ಚಾಪೆಯ ಮೇಲೆ ಹರವಿದ ಅಡಿಕೆಯನ್ನು ಗುಡ್ಡೆ ಹಾಕಿ ನೋಡಿ. ತೂಕ ಅಷ್ಟೇ, ಬಿಸಿಲು ಕಾಣುವ ಅಡಿಕೆ ಎಷ್ಟು? ಸಾಲದ್ದಕ್ಕೆ ಎಂಜಿನ್ ಆಯಿಲ್ ಉರಿದರೆ ಅದರ ರಂಜಕ, ಸತು ಉಳಿದ ಮೈಯನ್ನೂ ಮುಚ್ಚುತ್ತವೆ. ಸೀಸದ ಕಾಟ 2000ದಲ್ಲಿ ಸೀಸದ ಪೆಟ್ರೋಲ್ ದೇಶದಾದ್ಯಂತ ನಿಂತಾಗ ತಪ್ಪಿತು. 2020ರ ಬಿಎಸ್-6 ಇಂಧನದಲ್ಲಿ, ಇಂಥದ್ದೇ ಕಾಟ ಕೊಡುವ ಗಂಧಕದ ಮಿತಿ 50 ಪಿಪಿಎಂನಿಂದ 10ಕ್ಕೆ ಇಳಿಯಿತು. ಶಾಖ ಮಾತ್ರ ಹಾಗೇ ಇದೆ.

“ಎಮಿಷನ್ ಟೆಸ್ಟ್ ಪಾಸಾಗಿದೆಯಲ್ಲ ಸ್ವಾಮಿ!” ಆಗಿರಬಹುದು. ಅದು ನಿಂತ ಗಾಡಿಯ, ಬಿಸಿಯಾದ ಎಂಜಿನ್ನಿನ ಪರೀಕ್ಷೆ. ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್ ಅಳೆಯುತ್ತಾರೆ, ನೈಟ್ರೋಜನ್ ಆಕ್ಸೈಡುಗಳ ಲೆಕ್ಕವೇ ಇಲ್ಲ. ಹೊಸ ಕನ್ವರ್ಟರ್ ಸುಮಾರು 250-300 ಡಿಗ್ರಿಗೆ ಕೆಲಸ ಶುರುಮಾಡಿದರೆ ಹಳೆಯದಕ್ಕೆ ಇನ್ನೂ ಬಿಸಿ ಬೇಕು. ಬೆಳಿಗ್ಗೆ ಶಿವಮೊಗ್ಗದ ವಿನೋಬನಗರದಿಂದ ದುರ್ಗಿಗುಡಿಗೆ ಹೊರಟ ಕಾರು, ಕನ್ವರ್ಟರ್ ಬಿಸಿಯಾಗುವಷ್ಟರಲ್ಲಿ ಪಾರ್ಕಿಂಗಿಗೆ ಜಾಗ ಹುಡುಕುತ್ತಿರುತ್ತದೆ.

“ಕತ್ತರಿಸಿ ತೆಗೆಸಿ, ಪಿಕಪ್ ಬರುತ್ತೆ” ಎಂಬುದು ಗ್ಯಾರೇಜಿನ ವಾದ. ಕಟ್ಟಿಕೊಂಡದ್ದನ್ನು ತೆಗೆದರೆ ಬಂದೇ ಬರುತ್ತದೆ. ಆದರೆ ಕಟ್ಟಿಕೊಂಡದ್ದೇಕೆ? ನನ್ನ ದಡ್ಡತನವನ್ನೇ ಹೇಳುತ್ತೇನೆ. ಮಿಸ್ಸಿಂಗ್ ಹೊಡೆಯುತ್ತಿದ್ದ ಕಾರಿನಲ್ಲಿ ಎರಡು ವಾರ ಭದ್ರಾವತಿಗೆ ಓಡಾಡಿದೆ. ಎಂಜಿನ್ನಿನಲ್ಲಿ ಉರಿಯದ ಪೆಟ್ರೋಲ್ ಕನ್ವರ್ಟರಿನಲ್ಲಿ ಉರಿದು ಪಿಂಗಾಣಿ ಕರಗಿ ಒಡೆಯಿತು, ಕಾರಿನಡಿ ಗಡಗಡ ಸದ್ದು. ಒಂದು ಪ್ಲಗ್ಗಿನಲ್ಲಿ ಮುಗಿಯುತ್ತಿದ್ದ ರಿಪೇರಿ.

ಕಾರ್ಖಾನೆ ಹೊಗೆಯ ಮುಂದೆ ಇದೇನು ಮಹಾ ಎಂದು ಭದ್ರಾವತಿಯವರೊಬ್ಬರು ಕೇಳಿದ್ದಾರೆ. ಎಂಪಿಎಂ ಕಾಗದ ಕಾರ್ಖಾನೆ ನಿಂತು ವರ್ಷಗಳೇ ಆದವು ಮಾರಾಯರೆ, ಬಿ.ಎಚ್. ರಸ್ತೆಯ ಗಾಡಿಗಳು ನಿಂತಿಲ್ಲ.

ಬೆಲೆಯ ಆಕ್ಷೇಪವನ್ನು ಮಾತ್ರ ಒಪ್ಪುತ್ತೇನೆ. ಕಂಪನಿಯ ಬಿಡಿಭಾಗ ಹಳೆ ಕಾರಿನವರ ಜೇಬಿಗೆ ಭಾರ, ಲೋಹ ಕಡಿಮೆಯಿರುವ ಅಗ್ಗದ್ದು ಬೇಗ ಸೋಲುತ್ತದೆ. ಅದಕ್ಕೇ ನಾನು ಬದಲಿಸಿ ಅನ್ನಲಿಲ್ಲ, ಪರೀಕ್ಷಿಸಿ ಅಂದೆ. ಗಾಡಿ ಆಯಿಲ್ ಕುಡಿಯುತ್ತಿದೆಯೇ, ಪ್ಲಗ್ ಸರಿಯಿದೆಯೇ ಎಂದು ಮೊದಲು ನೋಡಿ.