ಎರವಲು ಪದ ಮತ್ತು ನಾಲಗೆಯ ಹಕ್ಕು

ಇಂಗ್ಲಿಷ್ ಪದಗಳ ಪ್ರಶ್ನೆ ಬಂದಾಗಲೆಲ್ಲ ನಮ್ಮಲ್ಲಿ ಎರಡು ಪಕ್ಷಗಳು ಏರ್ಪಡುತ್ತವೆ. ಪ್ರತಿಯೊಂದನ್ನೂ ಅನುವಾದಿಸಬೇಕೆಂಬುದು ಒಂದರ ಹಟ. ಇಂಗ್ಲಿಷರಂತೆಯೇ ಉಚ್ಚರಿಸಬೇಕೆಂಬುದು ಮತ್ತೊಂದರ ಹಟ. ಈ ಎರಡರ ಮಿತಿಯನ್ನೂ ಅರಿಯಲು ಜರ್ಮನ್ ಭಾಷೆಯ ಅನುಭವವನ್ನು ಗಮನಿಸಬೇಕು.

ಮೊದಲು ಅನುವಾದ. 'ಸ್ಕೈಸ್ಕ್ರೇಪರ್' ಪದವನ್ನು ಜರ್ಮನ್ನರು 'ವಾಲ್ಕೆನ್‌ಕ್ರಾಟ್ಸರ್' ಎಂದರು. ಆಕಾಶವನ್ನು ಬಿಟ್ಟು ಮೋಡವನ್ನು ಕೆರೆಯಿಸಿದರು. ಟೆಲಿವಿಷನ್ ಪೆಟ್ಟಿಗೆಗೆ, ದೂರ ಕಾಣಿಸುವುದೆಂಬ ಅರ್ಥದ 'ಫೆರ್ನ್‌ಜೇಯರ್' ಮನೆಮಾತಾಯಿತು. ಆದರೆ 1870ರ ದಶಕದಲ್ಲಿ ಅಂಚೆ ಇಲಾಖೆಯ ಮುಖ್ಯಸ್ಥ ಹೈನ್ರಿಖ್ ಫಾನ್ ಷ್ಟೆಫಾನ್ ಆಡಳಿತದಲ್ಲಿ ಬಳಕೆಗೆ ತಂದ 'ಫೆರ್ನ್‌ಷ್ಪ್ರೆಖರ್', ಸರಕಾರದ ಬೆಂಬಲವಿದ್ದೂ, ಜನರ ನಾಲಗೆಯ ಮೇಲಿನ 'ಟೆಲಿಫೋನ್' ಎದುರು ಕಡೆಗೆ ಸೋತಿತು. ಟಂಕಿಸುವವರು ಪಂಡಿತರಾಗಬಹುದು, ಚಲಾವಣೆ ಜನರದು.

ಉಚ್ಚಾರಣೆಯ ಕಥೆ ಇನ್ನೂ ಸ್ವಾರಸ್ಯಕರ. ಇಂಗ್ಲಿಷಿನ 'ಕೇಕ್ಸ್' ಬಹುವಚನ; ಜರ್ಮನ್ನಿನಲ್ಲಿ ಅದೇ ಒಂದು ಬಿಸ್ಕತ್ತಾಯಿತು, ಹಲವಾದರೆ 'ಕೇಕ್ಸೆ'. 'ಸ್ಟ್ರೈಕ್' ಕಾಗುಣಿತವನ್ನೂ ಬದಲಿಸಿಕೊಂಡು 'ಷ್ಟ್ರೈಕ್' ಆಯಿತು. ಪದಾಂತ್ಯದ ಘೋಷ ವ್ಯಂಜನವನ್ನು ಅಘೋಷವಾಗಿಸುವುದು ಆ ಭಾಷೆಯ ನಿಯಮ. ಆದ್ದರಿಂದ 'ಜಾಬ್' ಅಲ್ಲಿ 'ಜಾಪ್'. ಮೊಬೈಲಿಗೆ ಅವರು 'ಹೆಂಡಿ' ಎನ್ನುತ್ತಾರೆ. 'ಹ್ಯಾಂಡಿ' ಇಂಗ್ಲಿಷ್ ಪದವೇ. ಆದರೆ ಈ ಅರ್ಥ ಇಂಗ್ಲಿಷರಿಗೇ ಅಪರಿಚಿತ! 'ಡೌನ್‌ಲೋಡ್'ಗೆ ಕ್ರಿಯಾಪ್ರತ್ಯಯ ಹತ್ತಿಸಿ 'ಡೌನ್‌ಲೋಡೆನ್' ಎಂದವರೂ ಉಂಟು, 'ಹೆರುಂಟರ್‌ಲಾಡೆನ್' ಎಂದು ಅನುವಾದಿಸಿದವರೂ ಉಂಟು. ಎರಡೂ ಬದುಕಿವೆ. ಹೊಸ ಪದಗಳು ಬಹುಮಟ್ಟಿಗೆ ಇಂಗ್ಲಿಷ್ ಕಾಗುಣಿತವನ್ನೇ ಉಳಿಸಿಕೊಳ್ಳುತ್ತಿರುವುದು ನಿಜ. ಅಲ್ಲಿಯೂ ಅದರ ಬಗ್ಗೆ ಆತಂಕವಿದೆ. ಆದರೂ ವ್ಯಾಕರಣ ತನ್ನ ಅಧಿಕಾರವನ್ನು ಬಿಟ್ಟುಕೊಟ್ಟಿಲ್ಲ.

ಕನ್ನಡವೂ ಹೀಗೆಯೇ ಬೆಳೆದುದು. 'ಬಸ್ಸು', 'ಕಾರು', 'ಆಫೀಸು'ಗಳ ಕೊನೆಯ ಉಕಾರ ಅಜ್ಞಾನದ ಗುರುತಲ್ಲ; ಸ್ವರಾಂತವನ್ನು ಬಯಸುವ ನಮ್ಮ ಭಾಷೆಯ ಸಹಜಧರ್ಮ. ಹೊರನಾಡಿನ ತರಗತಿಯಲ್ಲಿ ವಿದ್ಯಾರ್ಥಿಯೊಬ್ಬ 'ಬಸ್ಸು' ಎಂದು, ಮರುಕ್ಷಣವೇ ನಾಚಿ 'ಬಸ್' ಎಂದು ತಿದ್ದಿಕೊಂಡುದನ್ನು ಕಂಡಿದ್ದೇನೆ. ಮನೆಯ ಹೊರಗೆ ಕನ್ನಡ ಕೇಳದ ಊರಿನಲ್ಲಿ ಅವನ ನಾಚಿಕೆ ನನಗೆ ಅರ್ಥವಾಗುತ್ತದೆ. ಆದರೆ ನನ್ನನ್ನು ಕಳವಳಗೊಳಿಸಿದ್ದು ಎರವಲು ಪದವಲ್ಲ, ಆ ತಿದ್ದುಪಡಿ. ಪರಭಾಷೆಯ ಪದಗಳು ಬಂದುವೆಂದು ಭಾಷೆ ಕ್ಷೀಣಿಸುವುದಿಲ್ಲ. ಬಂದ ಪದವನ್ನು ತನ್ನಂತೆ ನುಡಿಯಲು ನಾಚಿದಾಗ ಕ್ಷೀಣಿಸುತ್ತದೆ. ಅನುವಾದ ಸಹಜವಾಗಿ ಒದಗಿದರೆ ಅನುವಾದಿಸೋಣ. ಇಲ್ಲವಾದರೆ ಪದವನ್ನೇ ಕನ್ನಡವಾಗಿಸೋಣ. ನಾಲಗೆಯ ಆ ಹಕ್ಕನ್ನು ವಿದ್ಯಾರ್ಥಿಗಳಿಗೆ ಮರಳಿ ಕೊಡುವುದು ಕನ್ನಡ ವಿಭಾಗಗಳ ಹೊಣೆಯೆಂದು ನಾನು ನಂಬಿದ್ದೇನೆ.